ಬಡಾವಣೆಯ ಉದ್ಯಾನದಲ್ಲಿ ಓಪನ್ ಜಿಮ್: ಉಪಕರಣ ತರಿಸುವ ಮೊದಲು ಏನೇನು ನಿರ್ಧರಿಸಿಕೊಳ್ಳಬೇಕು?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಮೈಸೂರು

ಎಲ್ಲರಿಗೂ ನಮಸ್ಕಾರಗಳು.

ಮೈಸೂರಿನ ಹೊರವಲಯದಲ್ಲಿರುವ ನಮ್ಮ ಬಡಾವಣೆಯಲ್ಲಿ ಸುಮಾರು 270 ಮನೆಗಳಿದ್ದು, ನಡುವೆ 22 ಗುಂಟೆಯ ಉದ್ಯಾನವೊಂದಿದೆ. ಅದರ ಸುತ್ತಲೂ ಇಂಟರ್‌ಲಾಕ್ ಹಾಸಿದ ನಡಿಗೆಯ ಹಾದಿ, ಈಶಾನ್ಯ ಮೂಲೆಯಲ್ಲಿ ಮಕ್ಕಳ ಜಾರುಬಂಡೆ ಮತ್ತು ಜೋಕಾಲಿ, ಪಶ್ಚಿಮದ ಅಂಚಿನಲ್ಲಿ ಸಾಲಾಗಿ ನಾಲ್ಕು ಹಳೆಯ ಹೊಂಗೆ ಮರಗಳಿವೆ, ಉಳಿದದ್ದೆಲ್ಲ ಬಯಲು. ಈ ಬಯಲಿನಲ್ಲಿ ಓಪನ್ ಜಿಮ್ ಮಾಡಬೇಕೆಂದು ಕಳೆದ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಾಯಿತು. ನಿವಾಸಿಗಳಿಂದ ನಾಲ್ಕೂವರೆ ಲಕ್ಷ ರೂಪಾಯಿ ಸಂಗ್ರಹವಾಗಿದೆ. ಉಳಿದ ಹಣವನ್ನು ಶಾಸಕರ ನಿಧಿಯಿಂದ ಕೇಳೋಣವೆಂದು ಕೆಲವರು ಸೂಚಿಸಿದ್ದಾರೆ.

ಈ ನಡುವೆ ಮಾರಾಟಗಾರರೊಬ್ಬರು ಹನ್ನೆರಡು ಉಪಕರಣಗಳ ಸೆಟ್ ಒಂದರ ಬಣ್ಣದ ಪುಸ್ತಿಕೆಯನ್ನು ತಂದುಕೊಟ್ಟಿದ್ದು, ಯುಗಾದಿಯೊಳಗೆ ಅದನ್ನೇ ತರಿಸಿ ಕೂರಿಸಿಬಿಡೋಣ ಎಂದು ಸಮಿತಿಯ ಅರ್ಧದಷ್ಟು ಸದಸ್ಯರು ಹೇಳುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಪಕ್ಕದ ಬಡಾವಣೆಯಲ್ಲಿ ಮೂರು ವರ್ಷಗಳ ಹಿಂದೆ ಇಂಥದ್ದೇ ಸೆಟ್ ಕೂರಿಸಿದ್ದರು. ಉದ್ಘಾಟನೆಯ ದಿನ ಸರದಿಯಲ್ಲಿ ನಿಂತಿದ್ದ ಜನ ಈಗ ಅತ್ತ ಸುಳಿಯುವುದಿಲ್ಲ. ನಿಂತು ಕಾಲು ಬೀಸುವ ಏರ್ ವಾಕರ್‌ನಲ್ಲಿ ಕಾಲಿಡುವ ಒಂದು ಪಾದ ಕಳಚಿ ಬಿದ್ದಿದೆ. ನಿಂತು ಸೊಂಟ ತಿರುಗಿಸುವ ಟ್ವಿಸ್ಟರ್ ಕಿರುಗುಟ್ಟುವ ಸದ್ದಿಗೆ ಎದುರು ಮನೆಯವರು ಜಗಳಕ್ಕೆ ಬರುತ್ತಾರೆ. ಮಳೆ ಬಂದರೆ, ಕುಳಿತು ಕಾಲಿನಿಂದ ತಳ್ಳುವ ಲೆಗ್ ಪ್ರೆಸ್‌ನ ಕೆಳಗೆ ವಾರಗಟ್ಟಲೆ ನೀರು ನಿಲ್ಲುತ್ತದೆ.

ಆದ್ದರಿಂದ ಅನುಭವವುಳ್ಳವರಲ್ಲಿ ನನ್ನ ವಿನಂತಿ ಇಷ್ಟು. ಈ ಜಾಗದಲ್ಲಿ ಜಿಮ್ ಎಲ್ಲಿ ಬರಬೇಕು, ನೆಲಕ್ಕೆ ಏನು ಹಾಸಬೇಕು, ಯಾವ ಉಪಕರಣಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಯಾರ ಅನುಮತಿ ಬೇಕು ಎಂಬುದನ್ನು ತಿಳಿಸಿಕೊಡಿ. ನಮ್ಮಲ್ಲಿ ಅರವತ್ತು ದಾಟಿದವರೇ ಹೆಚ್ಚು. ಆದರೆ ಹಣ ಕೊಟ್ಟವರಲ್ಲಿ ಯುವಕರೂ ಇದ್ದಾರೆ ಎಂಬುದನ್ನು ಗಮನದಲ್ಲಿಡಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಎಂಜಿನಿಯರ್, ತುಮಕೂರು

ಕಾರ್ಯದರ್ಶಿಗಳೇ, ಪುಸ್ತಿಕೆಯನ್ನು ಸದ್ಯಕ್ಕೆ ಬೀರುವಿನಲ್ಲಿಡಿ. ತಾವು ಕೊನೆಯಲ್ಲಿ ಕೇಳಿದ ಅನುಮತಿಯ ಪ್ರಶ್ನೆಯೇ ಮೊದಲನೆಯದು.

ಉದ್ಯಾನ ಬಡಾವಣೆಯವರದ್ದೆಂದು ನಾವು ರೂಢಿಯಲ್ಲಿ ಹೇಳುತ್ತೇವೆಯೇ ಹೊರತು, ಅದರ ಒಡೆತನ ಸಂಘಕ್ಕಿರುವುದಿಲ್ಲ. ಬಡಾವಣೆ ಇನ್ನೂ ಅಭಿವೃದ್ಧಿ ಪ್ರಾಧಿಕಾರದ ವಶದಲ್ಲಿದೆಯೋ, ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೋ ಎಂದು ಮೊದಲು ಖಚಿತಪಡಿಸಿಕೊಂಡು, ಯಾರ ವಶದಲ್ಲಿದೆಯೋ ಅವರಿಂದ ನಕ್ಷೆಸಹಿತ ಲಿಖಿತ ಒಪ್ಪಿಗೆ ಪಡೆಯಿರಿ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗಾಗಿಯೇ 1985ರ ಅಧಿನಿಯಮವಿದ್ದು, ಅಂಥ ಜಾಗವನ್ನು ಬೇರೆ ಉದ್ದೇಶಕ್ಕೆ ತಿರುಗಿಸುವುದಕ್ಕೆ ಅದು ತಡೆಯೊಡ್ಡುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರವಾಗಿಯೇ ತೀರ್ಪಿತ್ತಿತು. ವ್ಯಾಯಾಮದ ನಾಲ್ಕು ಕಂಬಗಳು ಉದ್ಯಾನದ ಉದ್ದೇಶಕ್ಕೆ ವಿರುದ್ಧವೆಂದು ಯಾರೂ ಹೇಳಲಾರರು. ಆದರೆ ಜಿಮ್‌ನ ನೆಪದಲ್ಲಿ ಶೀಟಿನ ಚಾವಣಿ, ಸಂಘದ ಕೊಠಡಿ, ಇಡೀ ಬಯಲಿಗೆ ಕಾಂಕ್ರೀಟು ಎಂದು ಬೆಳೆಸುತ್ತ ಹೋದರೆ ಆಕ್ಷೇಪ ಖಂಡಿತ ಬರುತ್ತದೆ, ಬರಬೇಕು ಕೂಡ.

ಹಣದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಹೇಳುತ್ತೇನೆ. ಶಾಸಕರ ನಿಧಿಯೋ ಪಾಲಿಕೆಯ ಅನುದಾನವೋ ಸೇರಿದ ಕೂಡಲೇ ಕಾಮಗಾರಿ ಸರ್ಕಾರದ್ದಾಗುತ್ತದೆ. ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಅಧಿನಿಯಮದ ಚೌಕಟ್ಟಿನಲ್ಲಿ ಅನುಷ್ಠಾನ ಇಲಾಖೆಯೇ ಖರೀದಿ ಮಾಡುತ್ತದೆ, ಉಪಕರಣದ ಆಯ್ಕೆ ತಮ್ಮ ಕೈಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಎರಡೂ ಹಣವನ್ನು ಒಂದೇ ಕೆಲಸಕ್ಕೆ ಬೆರೆಸಬೇಡಿ. ದೀಪ, ಚರಂಡಿ, ಗೇಟು ಇವುಗಳನ್ನು ಸರ್ಕಾರದ ಹಣದಲ್ಲಿ ಕೇಳಿ, ಉಪಕರಣಗಳನ್ನು ಸಂಘದ ಹಣದಲ್ಲಿ ತನ್ನಿ.

ಇನ್ನು ಜಾಗದ ಆಯ್ಕೆ. ಒಂದು ಜೋರು ಮಳೆ ನಿಂತು ಅರ್ಧ ಗಂಟೆಯಾದ ಮೇಲೆ ಉದ್ಯಾನಕ್ಕೆ ಹೋಗಿ, ನೀರು ಎಲ್ಲಿ ನಿಂತಿದೆಯೋ ಅಲ್ಲಿ ಗೂಟ ನೆಟ್ಟು ಬನ್ನಿ. ಆ ಜಾಗವನ್ನು ಬಿಟ್ಟುಬಿಡಿ. ಪಕ್ಕದ ಬಡಾವಣೆಯ ಲೆಗ್ ಪ್ರೆಸ್‌ಗೆ ಆದ ಗತಿಗೆ ಉಪಕರಣವೇ ಕಾರಣವೆಂದು ನನಗನ್ನಿಸುವುದಿಲ್ಲ. ತಗ್ಗಿನಲ್ಲಿ ಕೂರಿಸಿದ್ದೇ ಕಾರಣವಿರಬೇಕು. ನೆಲಕ್ಕೆ ನೂರು ಅಡಿಗೆ ಒಂದಡಿಯಷ್ಟು ಇಳಿಜಾರಾದರೂ ಇರಲಿ. ಮೈಸೂರಿನ ಬಿಸಿಲಿನ ಲೆಕ್ಕ ಹೀಗಿದೆ: ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ನೇರಕ್ಕೇ ಬರುತ್ತಾನೆ, ಆದರೆ ಆ ಹೊತ್ತಿನಲ್ಲಿ ವ್ಯಾಯಾಮ ಮಾಡುವವರು ಯಾರು? ಜನ ಬರುವುದು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ಹೀಗಾಗಿ ನೆರಳು ಬೇಕಾಗಿರುವುದು ಪೂರ್ವ ಮತ್ತು ಪಶ್ಚಿಮದಿಂದ. ಪಶ್ಚಿಮದ ಹೊಂಗೆಗಳು ಸಂಜೆಯ ನೆರಳನ್ನು ಈಗಾಗಲೇ ಕೊಡುತ್ತಿವೆ; ಪೂರ್ವಕ್ಕೆ ಈ ಮಳೆಗಾಲದಲ್ಲೇ ಎರಡು ಬೇವು ನೆಡಿ. ಗುಲ್‌ಮೊಹರ್ ಬೇಡ, ಅದರ ಕೊಂಬೆ ಗಾಳಿಗೆ ಮುರಿಯುತ್ತದೆ. ಹೊಂಗೆಯ ಹರವಿನೊಳಗೆ ಅಡಿಪಾಯದ ಗುಂಡಿ ತೋಡಿ ಬೇರು ಕಡಿಯುವುದೂ ಬೇಡ. ಹರವಿನ ಅಂಚಿಗೆ ಹೊಂದಿಕೊಂಡಂತೆ ಪೂರ್ವಕ್ಕೆ ಸರಿದು ಕೂರಿಸಿದರೆ ನೆರಳೂ ಸಿಗುತ್ತದೆ, ಮರವೂ ಉಳಿಯುತ್ತದೆ.

ಮೈಸೂರಿನ ಕೆಂಪುಮಣ್ಣಿನಲ್ಲಿ ಅಡಿಪಾಯಕ್ಕೆ ಹೆಚ್ಚಿನ ಕಷ್ಟವಿಲ್ಲ. ಇದನ್ನು ಓದುತ್ತಿರುವ ಎರೆಭೂಮಿಯ ಊರಿನವರು ಮಾತ್ರ ಜಾಗ್ರತೆ ವಹಿಸಬೇಕು, ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣು ಆಳವಿಲ್ಲದ ಕಾಂಕ್ರೀಟನ್ನು ಎತ್ತಿ ವಾಲಿಸಿಬಿಡುತ್ತದೆ. ಮಣ್ಣು ತೆಗೆದು ಗರಸು ತುಂಬಿಸದೆ ಕಂಬ ನಿಲ್ಲಿಸಬಾರದು. ಎಲ್ಲ ಊರಿನಲ್ಲೂ ಆಗುವ ತಪ್ಪು ಇನ್ನೊಂದಿದೆ. ಕಾಂಕ್ರೀಟು ಹಾಕಿದ ಮರುದಿನವೇ ಹುಡುಗರು ಹತ್ತಿ ಅಲುಗಾಡಿಸುತ್ತಾರೆ, ಕಂಬ ಹುಟ್ಟುವಾಗಲೇ ಸಡಿಲವಾಗುತ್ತದೆ. ಕನಿಷ್ಠ ಏಳು ದಿನ ನೀರುಣಿಸಿ, ಸುತ್ತ ಹಗ್ಗ ಕಟ್ಟಿ, ಒಬ್ಬರನ್ನು ಕಾವಲಿಗೆ ಕೂರಿಸಿ.

ನೆಲಕ್ಕೆ ಇಂಟರ್‌ಲಾಕ್ ಬೇಡ. ಮರದ ನೆರಳಿನಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ. ಗರಸು ಹಾಕಿ ರೋಲರ್ ಹೊಡೆಸಿ, ಮೇಲೆ ಸಣ್ಣ ಜಲ್ಲಿಪುಡಿ ಹರಡಿದರೆ ಸಾಕು. ನೇತಾಡುವ ಕಂಬಿಗಳಿರುವಲ್ಲಿ ಮಾತ್ರ ಮರಳಿನ ಗುಳಿ ಮಾಡಿ. ಅಲ್ಲಿಗೆ ನುಣುಪಾದ ಎಂ-ಸ್ಯಾಂಡ್ ಸುರಿದರೆ ಎರಡು ಮಳೆಗೆ ನೆಲದಂತೆ ಗಟ್ಟಿಯಾಗುತ್ತದೆ. ಪುಡಿ ತೊಳೆದ ದಪ್ಪ ಮರಳೇ ಬೇಕು, ತಿಂಗಳಿಗೊಮ್ಮೆ ಗುದ್ದಲಿಯಿಂದ ಕೆದಕಿಸಬೇಕು.

ಉತ್ತರ 2: ಫಿಸಿಯೊಥೆರಪಿಸ್ಟ್, ಧಾರವಾಡ

ಎಂಜಿನಿಯರ್ ಸರ್ ನೆಲದ ವಿಷಯವನ್ನು ಪೂರ್ಣವಾಗಿ ಹೇಳಿದ್ದಾರೆ. ನಾನು ಅದರ ಮೇಲೆ ನಿಲ್ಲುವವರ ಬಗ್ಗೆ ಬರೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ದೊಡ್ಡ ಸ್ನಾಯುಗಳಿಗೆ ಬಲ ಬರುವಂಥ ವ್ಯಾಯಾಮ ಬೇಕು. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಬಲ ಮತ್ತು ಸಮತೋಲನ ಎರಡನ್ನೂ ಸಾಧಿಸುವ ಅಭ್ಯಾಸ ಬೇಕು. ಇದರಲ್ಲಿ ಮೊದಲನೆಯದನ್ನು ತಮ್ಮ ನಡಿಗೆಯ ಹಾದಿ ಈಗಾಗಲೇ ಪೂರೈಸುತ್ತಿದೆ. ಕೊರತೆ ಇರುವುದು ಉಳಿದೆರಡರಲ್ಲಿ. ಹೀಗಿರುವಾಗ ಮಾರಾಟದ ಸೆಟ್‌ಗಳನ್ನು ಬಿಡಿಸಿ ನೋಡಿದರೆ ಏರ್ ವಾಕರ್, ಕ್ರಾಸ್ ಟ್ರೇನರ್, ರೈಡರ್ ಎಂದು ಅರ್ಧದಷ್ಟು ಯಂತ್ರಗಳು ನಡಿಗೆಯ ಕೆಲಸವನ್ನೇ ಮತ್ತೆ ಮಾಡಿಸುತ್ತವೆ, ಅದೂ ನಡಿಗೆಗಿಂತ ಕಡಿಮೆ ಶ್ರಮದಲ್ಲಿ.

ಏರ್ ವಾಕರ್ ಎಲ್ಲರಿಗೂ ಪ್ರಿಯ. ಆದರೆ ಅದರ ಪಾದಗಳು ಕೀಲಿನಿಂದ ಜೋತುಬಿದ್ದಿರುತ್ತವೆ, ಯಾವ ತಡೆಯೂ ಇರುವುದಿಲ್ಲ. ಒಮ್ಮೆ ಬೀಸಿದ ಮೇಲೆ ವೇಗವೇ ಕಾಲನ್ನು ಒಯ್ಯುತ್ತದೆ. ಒಂದು ಕಾಲಿಟ್ಟು ಇನ್ನೊಂದನ್ನು ಎತ್ತುವ ಕ್ಷಣದಲ್ಲಿ ಪಾದ ಜಾರಿ, ಹಿರಿಯರು ಬೀಳುವುದು ಆಗಲೇ. ಟ್ವಿಸ್ಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಠಿಣ. ಸೊಂಟದ ಡಿಸ್ಕಿನ ತೊಂದರೆ ಇರುವವರು ಅದರ ಮೇಲೆ ನಿಂತು ರಭಸದಿಂದ ಬೆನ್ನು ತಿರುಚುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಹೊಟ್ಟೆ ಕರಗುತ್ತದೆಂಬ ನಂಬಿಕೆಯೊಂದೇ ಅದರ ಜನಪ್ರಿಯತೆಗೆ ಕಾರಣ. ಒಂದೇ ಜಾಗದ ಕೊಬ್ಬನ್ನು ಆರಿಸಿ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ.

ಹಿರಿಯರಿಗೆ ನಿಜವಾಗಿ ಬೇಕಾದುದು ಸರಳವಾಗಿದೆ. ಸುಮಾರು ಹದಿನೆಂಟು ಅಂಗುಲ ಎತ್ತರದ, ಎರಡೂ ಬದಿಗೆ ಕೈಯಾಸರೆ ಇರುವ ಬೆಂಚು ಹಾಕಿಸಿ. ಕೈಯ ಆಸರೆಯಿಂದ ಆರಂಭಿಸಿ, ಕ್ರಮೇಣ ಆಸರೆಯಿಲ್ಲದೆ ಹತ್ತು ಬಾರಿ ಕುಳಿತೆದ್ದರೆ ತೊಡೆಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ಬೇಡ. ಎರಡೂ ಬದಿಗೆ ಕಂಬಿಯಿರುವ ಮೂರು ಮೆಟ್ಟಿಲು ಹತ್ತಿಳಿಯಲು ಇರಲಿ. ಸೊಂಟದೆತ್ತರದ ಎರಡು ಸಮಾನಾಂತರ ಕಂಬಿಗಳ ನಡುವೆ ನೆಲದ ಮೇಲೆ ನೇರ ಗೆರೆ ಎಳೆಸಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಆ ಗೆರೆಯ ಮೇಲೆ ನಡೆಯುವುದು ಸಮತೋಲನದ ಉತ್ತಮ ಅಭ್ಯಾಸ, ತಪ್ಪಿದರೆ ಹಿಡಿಯಲು ಕಂಬಿ ಕೈಗೆ ಸಿಗುತ್ತದೆ. ಇವುಗಳನ್ನೆಲ್ಲ ತಮ್ಮ ಊರಿನ ವೆಲ್ಡರ್ ಒಬ್ಬರು ಮಾಡಿಕೊಡಬಲ್ಲರು. ಯುವಕರಿಗೆ ಮೂರು ಬೇರೆ ಬೇರೆ ಎತ್ತರದ ಪುಲ್ ಅಪ್ ಕಂಬಿ, ಪ್ಯಾರಲಲ್ ಬಾರ್, ಸಿಟ್ ಅಪ್ ಹಲಗೆ ಸಾಕು. ತಗ್ಗಿನ ಕಂಬಿಯನ್ನು ಹಿಡಿದು ಓರೆಯಾಗಿ ಮೈ ಎಳೆಯುವುದನ್ನು ಐವತ್ತರ ಮಹಿಳೆಯರೂ ಕಲಿಯಬಹುದು, ನಾನು ಕಲಿಸಿದ್ದೇನೆ.

ಚೆಸ್ಟ್ ಪ್ರೆಸ್, ಲೆಗ್ ಪ್ರೆಸ್ ಮಾದರಿಯ ಸನ್ನೆಕೋಲಿನ ಯಂತ್ರಗಳನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅವು ಕುಳಿತವರ ಮೈತೂಕದ ಒಂದು ಪಾಲನ್ನೇ ಅವರಿಂದ ಎತ್ತಿಸುತ್ತವೆ. ಭಾರ ಹೆಚ್ಚಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಕೆಲವು ತಿಂಗಳ ನಂತರ ಪ್ರಗತಿ ನಿಲ್ಲುತ್ತದೆ. ಹೊಸಬರಿಗೆ ಧೈರ್ಯ ಬರಲು ಒಂದೆರಡು ಇರಲಿ.

ಮಕ್ಕಳ ವಿಷಯ ಮರೆಯಬಾರದು. ಯುರೋಪಿನ ಇಎನ್ 16630 ಎಂಬ 2015ರ ಮಾನದಂಡ ಈ ಉಪಕರಣಗಳನ್ನು 1.40 ಮೀಟರಿಗಿಂತ ಎತ್ತರವಿರುವವರಿಗೆಂದೇ ವಿಧಿಸುತ್ತದೆ. ಅಮೆರಿಕದ ಎಎಸ್‌ಟಿಎಂ ಎಫ್3101 ಮಾನದಂಡ ಹದಿಮೂರು ವರ್ಷ ತುಂಬಿದವರಿಗೆಂದು ಹೇಳುತ್ತದೆ. ನಮ್ಮಲ್ಲಿ ಆರು ವರ್ಷದ ಮಗು ಏರ್ ವಾಕರ್ ಅನ್ನು ಜೋಕಾಲಿ ಮಾಡಿಕೊಳ್ಳುತ್ತದೆ, ಬೆರಳು ಕೀಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಜಿಮ್ ಜಾರುಬಂಡೆಗೆ ಅಂಟಿಕೊಂಡಿರಬಾರದು. ಆದರೆ ತಾಯಂದಿರ ಕಣ್ಣಳತೆಯಲ್ಲಿ ಮಕ್ಕಳಿರಬೇಕು, ನಡುವೆ ಮೊಣಕಾಲೆತ್ತರದ ಬೇಲಿಗಿಡ ಸಾಕು.

ಕೇಳದಿದ್ದರೂ ಒಂದು ಮಾತು. ಬೆಣಚುಕಲ್ಲು ನೆಟ್ಟ ಅಕ್ಯುಪ್ರೆಷರ್ ಹಾದಿಯನ್ನು ಸೇರಿಸೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಲವು ವರ್ಷದ ಮಧುಮೇಹವಿದ್ದು ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಅದರ ಮೇಲೆ ಬರಿಗಾಲಿನ ನಡಿಗೆ ಅಪಾಯಕಾರಿ, ಗಾಯವಾದದ್ದೇ ಅವರಿಗೆ ತಿಳಿಯುವುದಿಲ್ಲ. ಆ ಹಣವನ್ನು ಕೈಯಾಸರೆಯ ಬೆಂಚಿಗೆ ಹಾಕಿ.

ಉತ್ತರ 3: ನಿವಾಸಿ, ಬೆಂಗಳೂರು

ಇಬ್ಬರೂ ಹೇಳಿದ್ದು ಸರಿಯಾಗಿದೆ. ಆದರೂ ಮಹಿಳೆಯರು ಬಳಸುತ್ತಾರೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಕೆಲವು ಸಂಗತಿಗಳು ಈ ಚರ್ಚೆಯಲ್ಲಿ ಬರಲಿಲ್ಲ.

ನಮ್ಮ ಉದ್ಯಾನದಲ್ಲಿ ಒಳ್ಳೆಯ ಉಪಕರಣಗಳೇ ಇವೆ. ಆದರೆ ಅವು ರಸ್ತೆಗೆ ಹೊಂದಿದ ಕಾಂಪೌಂಡಿನ ಪಕ್ಕದಲ್ಲಿದ್ದು, ಲೆಗ್ ಪ್ರೆಸ್ ನೇರವಾಗಿ ಚಹಾದ ಗೂಡಂಗಡಿಗೆ ಮುಖಮಾಡಿದೆ. ಅಲ್ಲಿ ಕಾಲು ಚಾಚಿ ಕುಳಿತುಕೊಳ್ಳಲು ಯಾವ ಹೆಂಗಸಿಗೂ ಮನಸ್ಸಾಗುವುದಿಲ್ಲ. ಅದನ್ನು ತೊಂಬತ್ತು ಡಿಗ್ರಿ ತಿರುಗಿಸಿ ಕೂರಿಸಿದ್ದರೆ ಸಾಕಾಗಿತ್ತು, ಅದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುತ್ತಿರಲಿಲ್ಲ. ಹಾಗೆಂದು ಎತ್ತರದ ಗೋಡೆಯ ಹಿಂದೆ ಮರೆಮಾಡಿದರೂ ಕಷ್ಟವೇ. ಸಂಜೆ ಏಳರ ಮೇಲೆ ಅಲ್ಲಿ ಒಬ್ಬರೇ ಇರಲು ಭಯವಾಗುತ್ತದೆ. ನಡಿಗೆಯ ಹಾದಿಯಲ್ಲಿ ಓಡಾಡುವವರ ಕಣ್ಣಿಗೆ ಬೀಳುವಂತೆ, ರಸ್ತೆಯ ಕಣ್ಣಿಗೆ ಬೀಳದಂತೆ ಇರುವುದು ಒಳ್ಳೆಯದು. ದೀಪದ ಬಗ್ಗೆಯೂ ಹೇಳಬೇಕು. ಒಂದೇ ಎತ್ತರದ ಕಂಬದಿಂದ ಬರುವ ಬೆಳಕನ್ನು ಹೊಂಗೆಯ ಕೊಂಬೆಗಳು ನುಂಗಿಬಿಡುತ್ತವೆ; ಕೊಂಬೆಗಿಂತ ತಗ್ಗಿನಲ್ಲಿ ನಾಲ್ಕು ಚಿಕ್ಕ ದೀಪಗಳಿದ್ದರೆ ಮುಖ ಕಾಣುತ್ತದೆ.

ಸಮಯದ ಮಾತು ಇನ್ನೂ ಮುಖ್ಯ. ಮಕ್ಕಳನ್ನು ಶಾಲೆಗೆ ಕಳುಹಿಸಿ, ಮನೆಯವರಿಗೆ ಡಬ್ಬಿ ಕಟ್ಟಿ, ಕೆಲಸ ಮುಗಿಸಿ ನಾವು ಹೊರಬರುವುದು ಹತ್ತೂವರೆಗೆ. ಆಗ ಎಷ್ಟೋ ಉದ್ಯಾನಗಳ ಗೇಟಿಗೆ ಬೀಗ ಬಿದ್ದಿರುತ್ತದೆ. ಬೀಗದ ಕೈಯನ್ನು ತಮ್ಮ ಸಂಘ ಇಟ್ಟುಕೊಳ್ಳುವುದಾದರೆ ಮಧ್ಯಾಹ್ನ ಹನ್ನೆರಡರವರೆಗಾದರೂ ತೆರೆದಿಡಿ. ಮನೆಗೆಲಸಕ್ಕೆ ಬರುವವರು, ಪೌರಕಾರ್ಮಿಕರು ಕೂಡ ಆ ಹೊತ್ತಿಗೆ ಐದು ನಿಮಿಷ ಕೂರಲು ಬರುತ್ತಾರೆ. ಅವರನ್ನು ಎಬ್ಬಿಸಿ ಕಳುಹಿಸುವ ಜಿಮ್ ನಮಗೆ ಬೇಡ.

ಉಡುಪಿನ ಬಗ್ಗೆ ಪುಸ್ತಿಕೆಯಲ್ಲಿ ಏನೂ ಇರುವುದಿಲ್ಲ, ಏಕೆಂದರೆ ಅದರ ಚಿತ್ರದಲ್ಲಿರುವವರೆಲ್ಲ ಟ್ರ್ಯಾಕ್ ಪ್ಯಾಂಟ್ ತೊಟ್ಟಿರುತ್ತಾರೆ. ನಮ್ಮಲ್ಲಿ ಸೀರೆಯುಟ್ಟು ಬರುವವರೇ ಹೆಚ್ಚು. ನಮ್ಮ ಬೀದಿಯ ಹಿರಿಯರೊಬ್ಬರ ಸೆರಗು ತಿರುಗುವ ಶೋಲ್ಡರ್ ವೀಲ್‌ನ ನಡುಗೂಟಕ್ಕೆ ಸುತ್ತಿಕೊಂಡು ಅವರು ಮುಗ್ಗರಿಸಿದರು. ಅದೃಷ್ಟಕ್ಕೆ ಮೊಣಕೈ ತರಚಿತಷ್ಟೇ. ಕೀಲು ಮತ್ತು ಬೇರಿಂಗ್‌ಗಳಿಗೆ ಮುಚ್ಚಳವಿರಲೇಬೇಕೆಂದು ಬರೆದು ತರಿಸಿಕೊಳ್ಳಿ.

ಕೊನೆಯದಾಗಿ ಗೇಟು. ದನ ಮತ್ತು ಬೈಕು ಒಳಬರದಂತೆ ಹಾಕುವ ತಿರುಗುಗೇಟು ಗಾಲಿಕುರ್ಚಿಯನ್ನೂ ತಡೆಯುತ್ತದೆ. ನಮ್ಮ ಅತ್ತೆಯವರು ವಾಕರ್ ಹಿಡಿದು ನಡೆಯುತ್ತಾರೆ. ಉದ್ಯಾನ ಮನೆಯೆದುರಿಗೇ ಇದ್ದರೂ ಅವರು ಎರಡು ವರ್ಷದಿಂದ ಒಳಗೆ ಹೋಗಿಲ್ಲ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರಲ್ಲೇ ಬಂದಿದೆ. ಪಕ್ಕದಲ್ಲಿ ಮೂರಡಿ ಅಗಲದ ಸಾದಾ ಗೇಟು, ಒಂದಡಿ ಏರಿಗೆ ಹನ್ನೆರಡಡಿ ಉದ್ದದ ರ‍್ಯಾಂಪು, ಗಾಲಿಕುರ್ಚಿ ತಿರುಗಲು ಐದಡಿ ಜಾಗ, ಕುಳಿತಲ್ಲಿಂದಲೇ ಕೈಗೆಟುಕುವ ಒಂದು ಕಂಬಿ: ಇಷ್ಟನ್ನು ನಕ್ಷೆಯಲ್ಲೇ ಸೇರಿಸಿಬಿಡಿ.

ಹಣ ಖರ್ಚು ಮಾಡುವ ಮೊದಲು ಒಂದು ಪ್ರಯೋಗವನ್ನೂ ಸೂಚಿಸುತ್ತೇನೆ. ಉಪಕರಣ ಬರುವ ಜಾಗಗಳನ್ನು ನೆಲದ ಮೇಲೆ ಸುಣ್ಣದಿಂದ ಗುರುತಿಸಿ, ಅಲ್ಲಿ ನಾಲ್ಕು ಹಳೆಯ ಕುರ್ಚಿ, ಒಂದೆರಡು ಚಾಪೆ ಇಟ್ಟು ಎರಡು ವಾರ ಬಿಡಿ. ಯಾವ ಹೊತ್ತಿಗೆ ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಬರೆದುಕೊಳ್ಳಿ.

ಉತ್ತರ 4: ಫ್ಯಾಬ್ರಿಕೇಷನ್ ಕೆಲಸದವನು, ಉಡುಪಿ

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಕಬ್ಬಿಣದ ಕೆಲಸ ಮಾಡುವವನಾದ್ದರಿಂದ ತುಕ್ಕಿನ ಪರಿಚಯ ನನಗೆ ಚೆನ್ನಾಗಿಯೇ ಇದೆ. ಮೈಸೂರಿನವರು ಆ ಮಟ್ಟಿಗೆ ಪುಣ್ಯವಂತರು.

ಪುಸ್ತಿಕೆಯಲ್ಲಿ ಪೌಡರ್ ಕೋಟಿಂಗ್ ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಅದು ಮೇಲಿನ ಬಣ್ಣ; ಒಂದು ಕಡೆ ಗೀರು ಬಿದ್ದರೆ ಒಳಗಿಂದೊಳಗೆ ತುಕ್ಕು ಹರಡಿ ಹೊಪ್ಪಳೆಯಾಗಿ ಏಳುತ್ತದೆ. ಅದರ ಕೆಳಗೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಇರಬೇಕು. ಕೊರೆಯುವುದು, ಬೆಸುಗೆ ಹಾಕುವುದು ಎಲ್ಲ ಮುಗಿದ ಮೇಲೆ ಅದ್ದಿದ್ದಾರೆಯೇ ಎಂದು ಕೇಳಿ. ಅದ್ದಿದ ನಂತರ ಬೆಸುಗೆ ಹಾಕಿದರೆ ಆ ಜಾಗದ ಸತುವು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಕರಾವಳಿಯವರಾದರೆ ಹಿಡಿಕೆಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಹಾಕಿಸಬೇಕು, 304ಕ್ಕೆ ಉಪ್ಪು ಹತ್ತುತ್ತದೆ. ತಮಗೆ ಅದರ ಅಗತ್ಯವಿಲ್ಲ.

ಕೊಳವೆಯ ಗೋಡೆ ಎಷ್ಟು ದಪ್ಪವೆಂದು ಬರೆಸಿಕೊಂಡು, ಮಾಲು ಬಂದ ದಿನ ಕ್ಯಾಲಿಪರ್ ಹಿಡಿದು ಅಳೆಯಿರಿ. ಮುಖ್ಯ ಕಂಬಗಳಿಗೆ 3 ಮಿಲಿಮೀಟರಿಗಿಂತ ತೆಳುವಿದ್ದರೆ ನಾನಾದರೆ ಹಿಂದಕ್ಕೆ ಕಳುಹಿಸುತ್ತೇನೆ. ಕಂಬ ನೆಲ ಸೇರುವ ಜಾಗದಲ್ಲಿ ನೀರು ನಿಲ್ಲದಂತೆ ಕಾಂಕ್ರೀಟಿನ ಕೊರಳು ಹೊರಕ್ಕೆ ಇಳಿಜಾರಾಗಿರಲಿ. ಬೇರಿಂಗ್‌ಗಳು ಸೀಲ್ ಆದವು ಇರಲಿ, ಅದೇ ಅಳತೆಯ ಒಂದು ಜೊತೆಯನ್ನು ಮೊದಲೇ ಕೊಂಡಿಟ್ಟುಕೊಳ್ಳಿ. ಮೂರು ವರ್ಷದ ನಂತರ ಆ ಮಾದರಿಯೇ ಸಿಗದಿರಬಹುದು. ಚೌಕಟ್ಟಿಗೆ ಕೊಡುವ ವಾರಂಟಿಯನ್ನು ತಿರುಗುವ ಭಾಗಗಳಿಗೂ ಕೊಡುತ್ತಾರೆಂದು ತಿಳಿಯಬೇಡಿ, ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಉತ್ತರ 5: ಹಳೆಯ ಗರಡಿಯ ಹುಡುಗ, ಬಾಗಲಕೋಟೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಬಂದ ಸಂದೇಹವನ್ನು ಹೇಳಿಬಿಡುತ್ತೇನೆ: ಯಂತ್ರಗಳೇ ಏಕೆ ಬೇಕು? ದಸರೆಯಲ್ಲಿ ಕುಸ್ತಿ ಆಡಿಸುವ, ವಿಜಯದಶಮಿಯ ದಿನ ಅರಮನೆಯಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಊರಿನವರು ತಾವು. ಗರಡಿಮನೆಯಲ್ಲಿ ಬೇರಿಂಗ್ ಇರಲಿಲ್ಲ, ಗ್ರೀಸೂ ಇರಲಿಲ್ಲ. ಕೆಮ್ಮಣ್ಣಿನ ಅಂಕಣ, ದಂಡ, ಬಸ್ಕಿ, ಗದೆ ಇಷ್ಟರಲ್ಲೇ ಪೈಲ್ವಾನರು ತಯಾರಾದರು. ನಮ್ಮ ಕಡೆ ಇಂದಿಗೂ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಡೆಯುತ್ತದೆ. ಆ ಕಲ್ಲು ಎಷ್ಟು ಮಳೆಯಲ್ಲಿ ನೆಂದರೂ ತುಕ್ಕು ಹಿಡಿಯುವುದಿಲ್ಲ. ಹದಿನೈದಡಿ ಉದ್ದಗಲದ ಮೆತ್ತನೆಯ ಮಣ್ಣಿನ ಅಂಕಣವೊಂದನ್ನು ಮಾಡಿಕೊಟ್ಟು, ವಾರಕ್ಕೆ ಎರಡು ದಿನ ಕಲಿಸುವ ಉಸ್ತಾದರೊಬ್ಬರಿಗೆ ಗೌರವಧನ ಕೊಟ್ಟರೆ, ತಮ್ಮ ನಾಲ್ಕೂವರೆ ಲಕ್ಷದಲ್ಲಿ ಎಷ್ಟೋ ವರ್ಷ ನಡೆಯುತ್ತದೆ. ಯಂತ್ರಕ್ಕೆ ಹಣ ಕೊಡುವ ಜನ ಕಲಿಸುವವರಿಗೆ ಕೊಡಲು ಮಾತ್ರ ಹಿಂದೇಟು ಹಾಕುತ್ತಾರೆ.

ಮರು ಉತ್ತರ: ಫಿಸಿಯೊಥೆರಪಿಸ್ಟ್, ಧಾರವಾಡ

ಕಲಿಸುವವರು ಬೇಕೆಂಬ ತಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಫಲಕವನ್ನು ಓದಿ ಸರಿಯಾಗಿ ವ್ಯಾಯಾಮ ಮಾಡುವವರು ಕಡಿಮೆ. ಮೊದಲ ಎರಡು ತಿಂಗಳು ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಿದರೆ ಮಾತ್ರ ಅಭ್ಯಾಸ ಹಿಡಿಯುತ್ತದೆ. ಕಲ್ಲು ಎತ್ತುವುದಕ್ಕೆ ಮಾತ್ರ ನನ್ನ ಸಮ್ಮತಿಯಿಲ್ಲ. ಎಪ್ಪತ್ತರ ಹಿರಿಯರು, ರಕ್ತದೊತ್ತಡವಿರುವವರು ಉಸಿರು ಬಿಗಿಹಿಡಿದು ಭಾರವೆತ್ತಿದರೆ ಒತ್ತಡ ಥಟ್ಟನೆ ಏರುತ್ತದೆ. ಉಸಿರು ಬಿಡುತ್ತ ಎತ್ತಿ, ಎದೆನೋವೋ ತಲೆಸುತ್ತೋ ಬಂದರೆ ಕೂಡಲೇ ನಿಲ್ಲಿಸಿ ಎಂಬ ಎರಡು ಸಾಲುಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಹಾಕಿ.

ಪ್ರಶ್ನೆ ಕೇಳಿದವರಿಂದ: ಸಂಘದ ಕಾರ್ಯದರ್ಶಿ, ಮೈಸೂರು

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ, ವಿಳಂಬಕ್ಕೆ ಕ್ಷಮೆಯಿರಲಿ. ಬೆಂಗಳೂರಿನ ಮೇಡಂ ಹೇಳಿದ ಸುಣ್ಣದ ಪ್ರಯೋಗವನ್ನು ಮಾಡಿದೆವು. ಸಮಿತಿಯಲ್ಲಿ ಮೊದಲು ನಕ್ಕವರೇ ಆಮೇಲೆ ನೋಟ್‌ಬುಕ್ ಹಿಡಿದು ಕುಳಿತರು. ನಮ್ಮ ಎಣಿಕೆ ತಪ್ಪೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ: ಬೆಳಿಗ್ಗೆ ಆರಕ್ಕೆ ಬರುವ ಗುಂಪು ನಡೆದು ಹೊರಟುಹೋಗುತ್ತದೆ, ಗುರುತು ಹಾಕಿದ ಕಡೆ ನಿಲ್ಲುವುದೇ ಇಲ್ಲ, ನಿಂತವರು ಹತ್ತೂವರೆಗೆ ಬಂದ ಹೆಂಗಸರು ಮತ್ತು ಸಂಜೆ ಆರರ ಕಾಲೇಜು ಹುಡುಗರು. ಬಯಲಿನ ನಡುವೆ ಇಟ್ಟ ಕುರ್ಚಿಗಳನ್ನು ಯಾರೋ ಎರಡನೆಯ ದಿನವೇ ಹೊಂಗೆಯ ಕಡೆಗೆ ಎಳೆದುಕೊಂಡಿದ್ದರು. ಜಾಗದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಹನ್ನೆರಡರ ಸೆಟ್ಟನ್ನು ಕೈಬಿಟ್ಟಿದ್ದೇವೆ. ಮೊದಲ ಹಂತದಲ್ಲಿ ಕೈಯಾಸರೆಯ ನಾಲ್ಕು ಬೆಂಚು, ಮೆಟ್ಟಿಲು, ಸಮಾನಾಂತರ ಕಂಬಿಗಳು, ಮೂರೆತ್ತರದ ಪುಲ್ ಅಪ್ ಕಂಬಿ ಮತ್ತು ಪ್ಯಾರಲಲ್ ಬಾರ್ ಬರುತ್ತವೆ. ಚಲಿಸುವ ಭಾಗಗಳಿರುವ ಯಂತ್ರ ಎರಡೇ, ಚೆಸ್ಟ್ ಪ್ರೆಸ್ ಮತ್ತು ಲೆಗ್ ಪ್ರೆಸ್. ಒಂದು ಏರ್ ವಾಕರ್ ಆದರೂ ಇರಲೇಬೇಕೆಂದು ನಮ್ಮ ಖಜಾಂಚಿಗಳು ಈಗಲೂ ಪಟ್ಟು ಹಿಡಿದಿದ್ದಾರೆ, ಆ ವಾದ ಮುಗಿದಿಲ್ಲ. ಮಣ್ಣಿನ ಅಂಕಣಕ್ಕೆ ಹದಿನೈದಡಿ ಚೌಕ ಬಿಟ್ಟಿದ್ದೇವೆ. ಯೋಗಾಭ್ಯಾಸದವರೂ ಅದನ್ನೇ ಕೇಳುತ್ತಿರುವುದರಿಂದ ಹೊತ್ತು ಹಂಚಿಕೊಳ್ಳಬೇಕಾಗುತ್ತದೆ. ಅನುಮತಿಯ ಅರ್ಜಿ ಸಲ್ಲಿಸಿದ್ದೇವೆ. ಯುಗಾದಿಯೊಳಗೆ ಆಗುವ ಲಕ್ಷಣವಿಲ್ಲ.

ಇನ್ನೊಂದು ಸಂದೇಹ ಉಳಿದಿದೆ. ನಿರ್ವಹಣೆಯನ್ನು ಸಮಿತಿ ನೋಡಿಕೊಳ್ಳುತ್ತದೆ ಎಂದು ಠರಾವಿನಲ್ಲಿ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲವೆಂಬುದು ನನಗೆ ಗೊತ್ತು. ಇದನ್ನು ಹೇಗೆ ಏರ್ಪಡಿಸಬೇಕು?

ಉತ್ತರ: ನಿವೃತ್ತ ಎಂಜಿನಿಯರ್, ತುಮಕೂರು

ಪ್ರತಿ ಉಪಕರಣಕ್ಕೂ ಒಂದು ಸಂಖ್ಯೆಯನ್ನು ಬಣ್ಣದಲ್ಲಿ ಬರೆಸಿ, ಅದೇ ಸಂಖ್ಯೆಗಳ ಒಂದು ರಿಜಿಸ್ಟರ್ ಮಾಡಿ. ಉದ್ಯಾನದ ಮಾಲಿಗೆ ತಿಂಗಳಿಗೆ ಇಷ್ಟೆಂದು ಪ್ರತ್ಯೇಕವಾಗಿ ಕೊಟ್ಟು, ಪ್ರತಿ ಸೋಮವಾರ ಪ್ರತಿಯೊಂದು ನಟ್ಟು ಬೋಲ್ಟನ್ನೂ ಸ್ಪ್ಯಾನರ್‌ನಿಂದ ಮುಟ್ಟಿ ನೋಡಿ, ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವ ವ್ಯವಸ್ಥೆಯಾಗಲಿ. ಆ ರಿಜಿಸ್ಟರನ್ನು ತಿಂಗಳ ಸಭೆಯಲ್ಲಿ ಮೇಜಿನ ಮೇಲಿಟ್ಟ ನಂತರವೇ ಸಭೆ ಆರಂಭವಾಗಲಿ. ಸಂಗ್ರಹವಾದ ಹಣದಲ್ಲಿ ಐವತ್ತು ಸಾವಿರವನ್ನು ರಿಪೇರಿಗೆಂದೇ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಗೆ ಹಾಕಿ, ಉದ್ಘಾಟನೆಯ ಖರ್ಚು ಅದರೊಳಗಿಂದ ಹೋಗದಂತೆ ನೋಡಿಕೊಳ್ಳಿ.

ಕೆಟ್ಟ ಉಪಕರಣದ ಮೇಲೆ ಚೀಟಿ ಅಂಟಿಸುವುದು ಸಾಲದು, ಚೀಟಿಯನ್ನು ಯಾರೂ ಓದುವುದಿಲ್ಲ. ಅದೇ ದಿನ ಸರಪಳಿ ಸುತ್ತಿ ಬೀಗ ಹಾಕಬೇಕು. ಬೀಗ ಮತ್ತು ಸರಪಳಿಯನ್ನು ಉಪಕರಣಗಳ ಜೊತೆಯಲ್ಲೇ ಕೊಂಡುಬಿಡಿ. ಬೀಗದ ಕೈಗಳಲ್ಲಿ ಒಂದು ಮಾಲಿಯ ಬಳಿ, ಇನ್ನೊಂದು ಉದ್ಯಾನಕ್ಕೆ ಅತಿ ಹತ್ತಿರದ ಮನೆಯಲ್ಲಿರಲಿ.